ಅಮ್ಮನ ಸೀರೆಯುಟ್ಟು ಅಕ್ಕ ಕಣಿವೆ ಇಳಿದ ದಿನ

ನಾನು ಚಿಕ್ಕವನಿದ್ದಾಗ ಮೂರು ವರ್ಷ ಐರ್ಲೆಂಡಿನಲ್ಲಿದ್ದೆ. ಹಾಸನದ ಹುಡುಗನಿಗೆ ಐರ್ಲೆಂಡಿನಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದ್ದದ್ದು ನನಗಲ್ಲ, ಅಪ್ಪನಿಗೆ. ಅಪ್ಪ ಡಾಕ್ಟರು. ಹೆಚ್ಚಿನ ಓದಿಗೆಂದು ಅವರು ಡಬ್ಲಿನ್ನಿಗೆ ಹೊರಟಾಗ ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋಗಿ ಎಂದು ಅಜ್ಜಿ, ಅಂದರೆ ಅಮ್ಮನ ತಾಯಿ, ಹಟ ಹಿಡಿದಿದ್ದರು. ಅಪ್ಪ ಒಪ್ಪಲಿಲ್ಲ. ನನ್ನನ್ನೂ ಅಕ್ಕನನ್ನೂ ಕರೆದುಕೊಂಡೇ ಹಡಗು ಹತ್ತಿದರು. ಆಗ ನನಗೆ ಏಳು ವರ್ಷ, ಅಕ್ಕನಿಗೆ ಹದಿಮೂರು.

ಡಬ್ಲಿನ್ನಿನಲ್ಲಿ ಮನೆ ಸಿಗುವುದು ಕಷ್ಟವಾಯಿತು. ಕಿಟಕಿಯಲ್ಲಿ ‘ಕೋಣೆ ಬಾಡಿಗೆಗಿದೆ’ ಎಂಬ ಚೀಟಿ ನೋಡಿ ಬಾಗಿಲು ತಟ್ಟುತ್ತಿದ್ದೆವು. ಬಾಗಿಲು ತೆರೆದವರು ನಮ್ಮ ಮೂವರ ಮುಖ ನೋಡಿ, ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು ಎನ್ನುತ್ತಿದ್ದರು. ಚೀಟಿ ಮಾತ್ರ ಕಿಟಕಿಯಲ್ಲೇ ಇರುತ್ತಿತ್ತು. ಅಪ್ಪ ಪ್ರತಿ ಸಲವೂ ಹ್ಯಾಟು ತೆಗೆದು ಥ್ಯಾಂಕ್ಯೂ ಹೇಳಿ ಮುಂದಿನ ಬೀದಿಗೆ ನಡೆಯುತ್ತಿದ್ದರು. ಅಕ್ಕ ಒಂದು ದಿನ ಕೇಳಿಯೇಬಿಟ್ಟಳು, “ಅವರು ಸುಳ್ಳು ಹೇಳ್ತಿದಾರೆ ಅಂತ ನಿಮಗೂ ಗೊತ್ತಲ್ಲ ಅಪ್ಪ?” ಅಪ್ಪ, “ಗಲಾಟೆ ಬೇಡಮ್ಮ, ನಾವು ಇಲ್ಲಿ ಓದಕ್ಕೆ ಬಂದಿರೋದು” ಎಂದರು.

ಕೊನೆಗೆ ಒಬ್ಬ ಮುದುಕಿ ತನ್ನ ಮನೆಯ ಮಹಡಿಯ ಎರಡು ಕೋಣೆ ಕೊಟ್ಟಳು. ಆ ಮನೆಯ ಮೆಟ್ಟಿಲ ಪಕ್ಕದ ಗೋಡೆಯ ತುಂಬ ಹಳೆಯ ಫೋಟೋಗಳಿದ್ದವು. ಮುದುಕಿಯ ತಂದೆ ದೇಶದ ತೆಂಕಣ ಮೂಲೆಯ ಬೆಟ್ಟಗಳಲ್ಲಿ ಪ್ರವಾಸಿಗರಿಗೆ ಕುದುರೆಗಾಡಿ ಹೊಡೆಯುತ್ತಿದ್ದನಂತೆ. ಎಲ್ಲ ಫೋಟೋಗಳೂ ಚಹಾದ ಬಣ್ಣಕ್ಕೆ ತಿರುಗಿದ್ದವು. ಒಂದರಲ್ಲಿ ಎರಡು ಕಡಿದಾದ ಗುಡ್ಡಗಳ ನಡುವೆ ಹಾವಿನಂತೆ ಹೋಗುವ ದಾರಿ, ದಾರಿಯ ಮೇಲೆ ಸಾಲಾಗಿ ನಿಂತ ಕುದುರೆಗಾಡಿಗಳು. ಇನ್ನೊಂದರಲ್ಲಿ ದೊಡ್ಡ ಹ್ಯಾಟಿನ ಹೆಂಗಸರು ಗಾಡಿಯಲ್ಲಿ ಕುಳಿತು ಕ್ಯಾಮೆರಾ ಕಡೆ ಗಂಭೀರವಾಗಿ ನೋಡುತ್ತಿದ್ದಾರೆ. ಆ ಗಾಡಿಗಳು ನಮ್ಮೂರಿನ ಜಟಕಾದಂತೆ ಇರಲಿಲ್ಲ. ಎರಡೇ ಚಕ್ರ, ಮೇಲೆ ಮುಚ್ಚಿಗೆ ಇಲ್ಲ. ಕುಳಿತವರು ಬೆನ್ನಿಗೆ ಬೆನ್ನು ಕೊಟ್ಟು ಆ ಬದಿ ಈ ಬದಿ ನೋಡುತ್ತಾ, ಚಕ್ರದ ಮೇಲಿನ ಹಲಗೆಯಲ್ಲಿ ಕಾಲಿಟ್ಟು ಹೋಗಬೇಕು.

ಅಕ್ಕ ಶಾಲೆಗೆ ಹೋಗುವಾಗಲೂ ಬರುವಾಗಲೂ ಆ ಫೋಟೋಗಳ ಮುಂದೆ ನಿಲ್ಲುತ್ತಿದ್ದಳು. ಹೆಂಗಸರು ಕೈಯನ್ನು ಎಲ್ಲಿಟ್ಟುಕೊಂಡಿದ್ದಾರೆ, ಕತ್ತನ್ನು ಎಷ್ಟು ತಿರುಗಿಸಿದ್ದಾರೆ ಎಂದು ನೋಡಿ, ಮೆಟ್ಟಿಲ ಮೇಲೆಯೇ ಕುಳಿತು ಹಾಗೆಯೇ ಮಾಡುತ್ತಿದ್ದಳು. ಆಗ ಮಾತ್ರ ಅವಳು ಹುಡುಗಿಯಂತೆ ಕಾಣುತ್ತಿದ್ದಳು. ಉಳಿದ ಹೊತ್ತಿನಲ್ಲಿ ಮನೆಗೆ ಅವಳೇ ಯಜಮಾನಿ. ಬೆಳಿಗ್ಗೆ ಎದ್ದು ಅನ್ನ ಮಾಡಿ, ನನ್ನ ತಲೆ ಬಾಚಿ, ಅಪ್ಪನ ಕೋಟಿಗೆ ಗುಂಡಿ ಹೊಲಿದು, ಆಮೇಲೆ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಗೆ ಓಡುತ್ತಿದ್ದಳು. ಅಷ್ಟೆಲ್ಲ ಮಾಡಿಯೂ ವಿಜ್ಞಾನದಲ್ಲಿ ತರಗತಿಗೆ ಅವಳೇ ಮೊದಲು. ತಾನೂ ಡಾಕ್ಟರಾಗುತ್ತೇನೆ ಎಂದು ಹೇಳುತ್ತಿದ್ದಳು. ಅಪ್ಪನ ದಪ್ಪ ಪುಸ್ತಕಗಳಲ್ಲಿನ ಎಲುಬುಗಳ ಹೆಸರನ್ನು ಪಾತ್ರೆ ತೊಳೆಯುತ್ತಾ ಒಪ್ಪಿಸುತ್ತಿದ್ದಳು.

ನಾವು ಹೋಗಿ ಒಂದು ವರ್ಷವಾಗುವ ಹೊತ್ತಿಗೆ ಅಜ್ಜಿಯ ಕಾಗದ ಬಂತು. “ಎಲ್ಲ ಚೆನ್ನಾಗಿದೆ ಅಂತ ಪ್ರತಿ ಸಲ ಬರೀತೀರಿ. ಬರೆದದ್ದು ಓದಿ ಓದಿ ಸಾಕಾಯಿತು. ನನಗೆ ಮಕ್ಕಳ ಮುಖ ಕಾಣಬೇಕು. ಒಂದು ಫೋಟೋ ತೆಗೆಸಿ ಕಳಿಸಿ. ಬಡವಾಗಿದ್ದರೆ ನಾನು ಬಿಡುವವಳಲ್ಲ” ಎಂದಿತ್ತು. ಅದೇ ವಾರ, ಒಂದು ಸಲ ಫೇಲಾಗಿದ್ದ ಪರೀಕ್ಷೆಯಲ್ಲಿ ಅಪ್ಪ ಪಾಸಾದರು. ನಾನು ಅಷ್ಟು ಖುಷಿಯಾದ ಅಪ್ಪನನ್ನು ಅಮ್ಮ ಹೋದ ಮೇಲೆ ನೋಡಿಯೇ ಇರಲಿಲ್ಲ. “ಎಲ್ಲಿಗೆ ಹೋಗೋಣ ಹೇಳು” ಎಂದು ಅಕ್ಕನನ್ನು ಕೇಳಿದರು. ಅಕ್ಕ ಯೋಚಿಸಲಿಲ್ಲ. ಮೆಟ್ಟಿಲ ಕಡೆ ಕೈ ತೋರಿಸಿ, “ಆ ಕಣಿವೆಗೆ. ಆ ಗಾಡೀಲಿ ಕೂತು ಫೋಟೋ ತೆಗೆಸ್ಕೊಂಡು ಅಜ್ಜಿಗೆ ಕಳಿಸೋಣ” ಎಂದಳು.

ಒಂದು ದಿನ ಮುಂಚೆಯೇ ರೈಲಿನಲ್ಲಿ ಕಿಲಾರ್ನಿ ಎಂಬ ಊರಿಗೆ ಹೋಗಿ ತಂಗಿದೆವು. ಬೆಳಿಗ್ಗೆ ಅಕ್ಕ ಕೋಣೆಯಿಂದ ಹೊರಗೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಅಮ್ಮನ ರೇಷ್ಮೆ ಸೀರೆ ಉಟ್ಟಿದ್ದಳು. ಎಳೆಯ ಮಾವಿನೆಲೆಯ ಬಣ್ಣದ್ದು, ಕೆಂಪು ಅಂಚು. ಅದು ನಮ್ಮ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿರುತ್ತಿತ್ತು. ಅವಳು ಸೀರೆ ಉಟ್ಟದ್ದು ಅದೇ ಮೊದಲು. ನೆರಿಗೆ ನೆಟ್ಟಗೆ ನಿಲ್ಲಲೆಂದು ಹತ್ತಾರು ಪಿನ್ನು ಹಾಕಿದ್ದಳು. ಮೇಲೆ ಶಾಲೆಯ ನೀಲಿ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಬೂಟು. ಅಪ್ಪ ಬಗ್ಗಿ, ನೆಲಕ್ಕೆ ತಾಗುತ್ತಿದ್ದ ಅಂಚನ್ನು ಸರಿಮಾಡಿ, “ನಿಮ್ಮಮ್ಮನೂ ಹೀಗೇ ಉದ್ದಕ್ಕೆ ಉಡ್ತಿದ್ಲು” ಎಂದರು.

ಕಣಿವೆಯ ಬಾಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಅಲ್ಲಿಯವರು ಜವುಗು ನೆಲವನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕುತ್ತಾರೆ. ಆ ಹೊಗೆಗೆ ಸುಟ್ಟ ಮಣ್ಣಿನ ವಾಸನೆ. ಅದರ ಜತೆಗೆ ಕುದುರೆಯ ಬೆವರು, ಒದ್ದೆ ಉಣ್ಣೆ, ಎಣ್ಣೆ ಹಚ್ಚಿದ ಚರ್ಮದ ಪಟ್ಟಿಗಳ ವಾಸನೆ. ನಮಗೆ ಸಿಕ್ಕಿದ್ದು ಆ ಸಾಲಿನಲ್ಲೇ ಚೆಂದದ ಕುದುರೆ. ಹಾಲಿನಂತೆ ಬಿಳಿ, ಹೆಸರು ರೋಸಿ. ಗಾಡಿ ಹೊಡೆಯುವ ಮುದುಕ ಅದನ್ನು ಬೆಳಿಗ್ಗೆಯೇ ತೊಳೆದು, ಬಾಲ ಬಾಚಿ ತಂದಿದ್ದ. ಅಪ್ಪ ಮತ್ತು ನಾನು ಒಂದು ಬದಿಗೆ, ಅಕ್ಕ ಒಬ್ಬಳೇ ಇನ್ನೊಂದು ಬದಿಗೆ ಕುಳಿತೆವು. ಮುದುಕ ನಮ್ಮ ಮೊಣಕಾಲ ಮೇಲೆ ದಪ್ಪ ಕಂಬಳಿ ಹೊದಿಸಿದ. ಅಕ್ಕ ಬೇಡವೆಂದಳು. ಸೀರೆ ಕಾಣಬೇಕಲ್ಲ.

ದಾರಿ ಏರುತ್ತಾ ಹೋಯಿತು. ಎರಡೂ ಬದಿಗೆ ಕಪ್ಪು ಬಂಡೆಗಳು, ನಡುವೆ ಹಳದಿ ಹೂವಿನ ಮುಳ್ಳುಪೊದೆಗಳು. ಬೆನ್ನಿಗೆ ಕೆಂಪು ಬಣ್ಣ ಬಳಿಸಿಕೊಂಡ ಕುರಿಗಳು ಬಂಡೆಯ ಮೇಲಿಂದ ನಮ್ಮನ್ನು ನೋಡುತ್ತಿದ್ದವು. ಕೆಳಗೆ ಒಂದರ ಹಿಂದೆ ಒಂದು ಸಣ್ಣ ಕೆರೆಗಳು, ನೀರು ಶಾಯಿಯಂತೆ ಕಪ್ಪು. ಚಕ್ರದ ಕಬ್ಬಿಣದ ಪಟ್ಟಿ ಕಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು, ಕುಳಿತ ಹಲಗೆ ಹಲ್ಲು ಕದಲುವಷ್ಟು ಕುಲುಕುತ್ತಿತ್ತು. ಒಂದು ತಿರುವಿನಲ್ಲಿ ಮುದುಕ ಗಾಡಿ ನಿಲ್ಲಿಸಿ, ಕೂಗಿ ನೋಡಿ, ಗುಡ್ಡ ಮಾತಾಡುತ್ತದೆ ಎಂದ. ನಾನು ನನ್ನ ಹೆಸರನ್ನೇ ಕೂಗಿದೆ. ಗುಡ್ಡ ಮೂರು ಸಲ ಕೂಗಿತು. ಅಕ್ಕ ಎರಡೂ ಕೈಗಳನ್ನು ಬಾಯಿಗೆ ಹಿಡಿದು, “ಅಜ್ಜೀ, ಫೋಟೋ ಬರುತ್ತೆ” ಎಂದು ಕನ್ನಡದಲ್ಲಿ ಕೂಗಿದಳು. ಐರ್ಲೆಂಡಿನ ಬೆಟ್ಟಗಳು ಕನ್ನಡದಲ್ಲಿ ಉತ್ತರ ಕೊಟ್ಟವು. ಮುದುಕ ನಕ್ಕ, ಅಪ್ಪ ನಕ್ಕರು. ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂದಿದ್ದ ಚಿತ್ರಾನ್ನವನ್ನು ಅಲ್ಲೇ ಬಂಡೆಯ ಮೇಲೆ ಕುಳಿತು ತಿಂದೆವು. ಸಾಸಿವೆ ಸಿಗದೆ ಮಾಡಿದ ಚಿತ್ರಾನ್ನ. ಮುದುಕನಿಗೂ ಸ್ವಲ್ಪ ಕೊಟ್ಟೆವು. ಅವನು ಅನುಮಾನದಿಂದ ಬಾಯಿಗಿಟ್ಟು, ಆಮೇಲೆ ಇನ್ನೊಂದು ಹಿಡಿ ಕೇಳಿದ.

ಕಣಿವೆಯ ನೆತ್ತಿಯಲ್ಲಿ ಫೋಟೋಗ್ರಾಫರ್ ಇದ್ದ. ಮೂರು ಕಾಲಿನ ಮೇಲೆ ಮರದ ಕ್ಯಾಮೆರಾ, ಅದಕ್ಕೆ ಕಪ್ಪು ಬಟ್ಟೆ. ಪಕ್ಕದ ಹಲಗೆಗೆ ತಾನು ತೆಗೆದ ಫೋಟೋಗಳನ್ನು ಅಂಟಿಸಿಟ್ಟಿದ್ದ. ಬಂದ ಗಾಡಿಗಳನ್ನು ಒಂದೊಂದಾಗಿ, ಕೆರೆ ಮತ್ತು ಗುಡ್ಡ ಹಿಂದೆ ಬರುವ ಹಾಗೆ ನಿಲ್ಲಿಸಿ ಫೋಟೋ ತೆಗೆದು, ವಿಳಾಸ ಬರೆದುಕೊಳ್ಳುತ್ತಿದ್ದ. ಆಮೇಲೆ ಅಂಚೆಯಲ್ಲಿ ಕಳಿಸುತ್ತಿದ್ದ. ನಮ್ಮ ಮುಂದೆ ಎರಡು ಗಾಡಿಗಳಿದ್ದವು. ಅಪ್ಪ ಹಾಸನದ ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಸಿದ್ಧವಾಗಿ ಹಿಡಿದಿದ್ದರು. ಅಕ್ಕ ಸ್ವೆಟರು ತೆಗೆದು ನನ್ನ ಕೈಗೆ ಕೊಟ್ಟಳು. ಚಳಿಗೆ ಅವಳ ತೋಳಿನ ಮೇಲೆಲ್ಲ ಗುಳ್ಳೆ ಎದ್ದಿದ್ದವು. ಮೆಟ್ಟಿಲ ಮೇಲೆ ಕಲಿತಂತೆಯೇ ಕೈ ಮೇಲೆ ಕೈಯಿಟ್ಟು, ಕತ್ತನ್ನು ಸ್ವಲ್ಪ ತಿರುಗಿಸಿ ಕುಳಿತಳು.

ನಮ್ಮ ಸರದಿ ಬಂತು. ಫೋಟೋಗ್ರಾಫರ್ ಬಟ್ಟೆಯೊಳಗಿಂದ ತಲೆ ಹೊರತೆಗೆದು ರೋಸಿಯನ್ನು ನೋಡಿದ. ಆಮೇಲೆ ನಮ್ಮನ್ನು ನೋಡಿದ. ನಮ್ಮೊಡನೆ ಮಾತಾಡದೆ ಗಾಡಿಯ ಮುದುಕನಿಗೆ ಹೇಳಿದ, “ಅವರನ್ನು ಇಳಿಸು. ಈ ಬಿಳಿ ಕುದುರೆ ನನಗೆ ಬೇಕು.” ನಮ್ಮ ಹಿಂದಿನ ಗಾಡಿಯಲ್ಲಿ ಅಮೆರಿಕದ ಗಂಡ ಹೆಂಡತಿ ಇದ್ದರು. ಒಳ್ಳೆಯ ಕೋಟು, ಒಳ್ಳೆಯ ಹ್ಯಾಟು. ಅವರನ್ನು ನಮ್ಮ ಗಾಡಿಯಲ್ಲಿ ಕೂರಿಸಲು ಕೈ ಮಾಡಿ ಕರೆದ.

ಮುದುಕ ಟೋಪಿ ತೆಗೆದು ತಿರುಗಿಸುತ್ತಾ ಅಪ್ಪನ ಕಡೆ ನೋಡಿದ. “ಒಂದೇ ನಿಮಿಷ ಸಾರ್. ಅಂಗಡಿಗಳಲ್ಲಿ ಮಾರುವ ಪಿಕ್ಚರ್ ಕಾರ್ಡಿಗೆ ತೆಗೆಯುತ್ತಾನೆ. ಕೊಳ್ಳುವವರಿಗೆ ಐರ್ಲೆಂಡಿನ ಹಾಗೆ ಕಾಣಬೇಕು, ಅಷ್ಟೇ” ಎಂದ.

“ನಮ್ಮ ಫೋಟೋ?” ಎಂದು ಅಪ್ಪ ಕೇಳಿದರು.

“ಆಮೇಲೆ” ಎಂದು ಫೋಟೋಗ್ರಾಫರ್ ಬಟ್ಟೆಯೊಳಗಿಂದಲೇ ಹೇಳಿದ.

ಅಪ್ಪ ಇಳಿದರು. ನನ್ನನ್ನು ಎತ್ತಿ ಇಳಿಸಿದರು. ಗಾಡಿಯನ್ನು ಸುತ್ತಿ ಆ ಬದಿಗೆ ಹೋಗಿ ಅಕ್ಕನಿಗೆ ಕೈ ನೀಡಿದರು. ಅಕ್ಕ ಕದಲಲಿಲ್ಲ.

“ನಾನ್ಯಾಕೆ ಇಳೀಬೇಕು? ಈ ಗಾಡಿ ನಾವು ಮಾಡ್ಕೊಂಡಿರೋದು. ಈಗ ನಮ್ಮ ಸರದಿ.”

“ಒಂದು ನಿಮಿಷ ಅಂತಿದಾರಲ್ಲಮ್ಮ. ಇಳಿ.”

“ಅವರಿಗೆ ಬೇಕಾದ್ರೆ ಕಾಯಲಿ. ನೀವು ಹೇಳಿ ಅವರಿಗೆ. ಅಪ್ಪ, ನೀವೇ ಹೇಳಬೇಕು.”

ಹಿಂದೆ ನಿಂತಿದ್ದ ಗಾಡಿಗಳಲ್ಲಿ ಜನ ಕತ್ತು ಚಾಚಿ ನೋಡತೊಡಗಿದ್ದರು. ಯಾರೋ ಏನೋ ಹೇಳಿದರು, ಇನ್ಯಾರೋ ನಕ್ಕರು. ಅಪ್ಪನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. “ಎಲ್ಲರೂ ನೋಡ್ತಿದಾರೆ, ಇಳಿ ಅಂದ್ರೆ ಇಳಿ” ಎಂದು ಹಲ್ಲು ಕಚ್ಚಿ ಹೇಳಿ, ಅವಳ ಮಣಿಕಟ್ಟು ಹಿಡಿದು ಎಳೆದರು. ಅಕ್ಕ ಮುಗ್ಗರಿಸಿ ಕೆಳಗೆ ಬಂದಳು. ಸೀರೆಯ ನೆರಿಗೆ ಕಾಲಿಡುವ ಹಲಗೆಯ ಕಬ್ಬಿಣದ ಕೊಕ್ಕೆಗೆ ಸಿಕ್ಕಿಕೊಂಡಿತ್ತು. ಪರ್‍ರೆಂದು ಹರಿಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅಂಚಿನಿಂದ ಮೊಣಕಾಲಿನವರೆಗೆ ಅಮ್ಮನ ಸೀರೆ ಸೀಳಿಹೋಗಿತ್ತು.

ಅಕ್ಕ ಅಳಲಿಲ್ಲ. ಹರಿದ ಎರಡು ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಂಡೆಯ ಪಕ್ಕ ನಿಂತಳು. ಅಮೆರಿಕದ ಹೆಂಗಸು ಗಾಡಿ ಹತ್ತುತ್ತಾ ಅವಳನ್ನು ನೋಡಿ, “ಅಯ್ಯೋ ಪಾಪ, ಎಂಥ ಚೆಂದದ ಬಟ್ಟೆ” ಎಂದು ಚೀಲದಿಂದ ಮಿಠಾಯಿ ತೆಗೆದು ಅವಳ ಕೈಗಿಟ್ಟಳು. ನಿಜವಾಗಿಯೂ ಮರುಕಪಟ್ಟೇ ಕೊಟ್ಟಳು. ಅಕ್ಕ ಬೆರಳು ಬಿಚ್ಚಿದಳು, ಮಿಠಾಯಿ ಕೆಸರಿಗೆ ಬಿತ್ತು. ಆ ಹೆಂಗಸಿನ ಗಂಡ ಫೋಟೋಗೆಂದು ಮಳೆಕೋಟು ಬಿಚ್ಚಿದ. ಹತ್ತಿರ ನಿಂತವರು ಅಪ್ಪ. ಅದನ್ನು ಅಪ್ಪನ ಕೈಗೆ ಕೊಟ್ಟು ಗಾಡಿ ಹತ್ತಿದ. ಅಪ್ಪ ಅದನ್ನು ನೀಟಾಗಿ ಮಡಿಚಿ ತೋಳಿನ ಮೇಲೆ ಹಾಕಿಕೊಂಡು ನಿಂತರು. ನನ್ನ ಅಪ್ಪ, ಆ ವಾರವಷ್ಟೇ ದೊಡ್ಡ ಪರೀಕ್ಷೆ ಪಾಸು ಮಾಡಿದ ಡಾಕ್ಟರು, ಗುರುತು ಪರಿಚಯವಿಲ್ಲದವನ ಕೋಟು ಹಿಡಿದುಕೊಂಡು ನಿಂತದ್ದನ್ನು ಅಕ್ಕ ನೋಡುತ್ತಲೇ ಇದ್ದಳು.

ಒಂದು ನಿಮಿಷವೆಂದದ್ದು ಬಹಳ ಹೊತ್ತಾಯಿತು. ಕುದುರೆಯ ತಲೆ ಆ ಕಡೆ, ಹೆಂಗಸಿನ ಹ್ಯಾಟು ಈ ಕಡೆ ಎನ್ನುತ್ತಾ ಫೋಟೋಗ್ರಾಫರ್ ನಾಲ್ಕು ಸಲ ತೆಗೆದ. ಅಷ್ಟರಲ್ಲಿ ಗುಡ್ಡದ ಮೇಲಿಂದ ಮಂಜು ಇಳಿಯಿತು. ಕೆರೆ ಕಾಣದಾಯಿತು. ಅವನು ಕ್ಯಾಮೆರಾದ ಕಾಲುಗಳನ್ನು ಮಡಿಚತೊಡಗಿದ. ಅಪ್ಪ ವಿಳಾಸದ ಚೀಟಿ ಹಿಡಿದು ಅವನ ಹತ್ತಿರ ಹೋದರು.

“ಆಮೇಲೆ ಎಂದು ಹೇಳಿದ್ದಿರಿ” ಎಂದರು, ಬಹಳ ಮೆಲ್ಲಗೆ.

“ಬೆಳಕು ಹೋಯಿತು. ಇನ್ನೊಂದು ದಿನ ಬನ್ನಿ.”

ಅಪ್ಪ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. “ಥ್ಯಾಂಕ್ಯೂ” ಎಂದರು.

ವಾಪಸು ಹೊರಡುವಾಗ ಅಕ್ಕ ಗಾಡಿ ಹತ್ತಲಿಲ್ಲ. ಅಪ್ಪ ಎರಡು ಸಲ ಕರೆದರು. ಅವಳು ಕೇಳದವಳಂತೆ ನಡೆಯತೊಡಗಿದಳು. ಕೆಳಗಿನವರೆಗೆ ನಾಲ್ಕು ಮೈಲಿ. ಸಣ್ಣಗೆ ಮಳೆ ಶುರುವಾಗಿತ್ತು. ಸ್ವೆಟರು ನನ್ನ ಮಡಿಲಲ್ಲೇ ಇತ್ತು, ಅವಳು ಕೇಳಲಿಲ್ಲ, ನಾನೂ ಇಳಿದು ಹೋಗಿ ಕೊಡಲಿಲ್ಲ. ಒಂದು ಕೈಯಲ್ಲಿ ಹರಿದ ಸೀರೆ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ನಮ್ಮ ಮುಂದೆ ಹೋಗುತ್ತಿದ್ದಳು. ಗಾಡಿಯ ಮುದುಕ ರೋಸಿಯನ್ನು ಅವಳ ಹೆಜ್ಜೆಯ ವೇಗಕ್ಕೆ ನಿಧಾನ ಮಾಡಿದ. ಸ್ವಲ್ಪ ದೂರ ಹೋದ ಮೇಲೆ ಅಪ್ಪನ ಕಡೆ ತಿರುಗದೆಯೇ ಹೇಳಿದ, “ನಾನು ಆಗುವುದಿಲ್ಲ ಎಂದಿದ್ದರೆ ನಾಳೆಯಿಂದ ಅವನು ನನ್ನ ಗಾಡಿಗೆ ಗಿರಾಕಿಗಳನ್ನು ಕಳಿಸುತ್ತಿರಲಿಲ್ಲ ಸಾರ್.” ಮುದುಕನಿಗೆ ಮನಸ್ಸು ತಡೆಯಲಿಲ್ಲವೋ ಏನೋ, ನನ್ನನ್ನು ಎತ್ತಿ ಮುಂದೆ ತನ್ನ ಪಕ್ಕ ಕೂರಿಸಿಕೊಂಡು ಲಗಾಮನ್ನು ನನ್ನ ಕೈಗೆ ಕೊಟ್ಟ.

ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯಬೇಕು. ನಾನು ಎಲ್ಲವನ್ನೂ ಮರೆತುಬಿಟ್ಟೆ. ಮುದುಕನ ಕೈಯಲ್ಲಿದ್ದು ಬೆಚ್ಚಗಾದ ಚರ್ಮದ ಪಟ್ಟಿಗಳು ನನ್ನ ಅಂಗೈಯಲ್ಲಿದ್ದವು. ಎಡಕ್ಕೆ ಎಳೆದರೆ ಅಷ್ಟು ದೊಡ್ಡ ಪ್ರಾಣಿ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಎಳೆದರೆ ಬಲಕ್ಕೆ. ನಾನು ಮುದುಕ ಮಾಡಿದಂತೆ ನಾಲಿಗೆಯಿಂದ ಟಕ್ ಟಕ್ ಎಂದೆ. ರೋಸಿ ಕಿವಿ ನಿಮಿರಿಸಿತು. ನಾನು ಗಟ್ಟಿಯಾಗಿ ನಕ್ಕೆ. ಆಗ ಅಕ್ಕ ಹಿಂತಿರುಗಿ ನೋಡಿದಳು. ಮುಖದ ಮೇಲೆ ಕೂದಲು ಅಂಟಿಕೊಂಡಿತ್ತು, ತುಟಿ ಚಳಿಗೆ ನೀಲಿಯಾಗಿತ್ತು. ನನ್ನನ್ನು ನೋಡಿದಳು, ನನ್ನ ಹಿಂದೆ ಕುಳಿತಿದ್ದ ಅಪ್ಪನನ್ನು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ ನಡೆದಳು. ಕೆಳಗೆ ಮುಟ್ಟುವವರೆಗೂ ಇನ್ನೊಮ್ಮೆ ತಿರುಗಲಿಲ್ಲ.

ಅಪ್ಪ ಅಜ್ಜಿಗೆ ಬರೆದರು: ಮಳೆ ಬಂದದ್ದರಿಂದ ಫೋಟೋ ತೆಗೆಸಲಾಗಲಿಲ್ಲ. ಅಕ್ಕ ತಾನೇ ಬೇರೆ ಕಾಗದ ಬರೆದು, ನಡೆದದ್ದನ್ನೆಲ್ಲ ತಿಳಿಸಿ, ತನ್ನನ್ನು ಊರಿಗೆ ಕರೆಸಿಕೊಳ್ಳಲು ಕೇಳಿದಳು. ಅಜ್ಜಿ ಕರೆಸಿಕೊಳ್ಳದೆ ಬಿಡುವವರೇ? ಉತ್ತರ ಬಂದ ದಿನ ಶಾಲೆಯ ಸನ್ಯಾಸಿನಿಯೊಬ್ಬರು ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕುಳಿತು, ಈ ಹುಡುಗಿಯನ್ನು ಕಳಿಸಬೇಡಿ, ಇವಳ ಓದು ಹಾಳಾಗುತ್ತದೆ ಎಂದು ಬೇಡಿಕೊಂಡರು. ಅಪ್ಪ, “ಅವಳೇ ಹೋಗ್ತೀನಿ ಅಂತಿದಾಳೆ” ಎಂದಷ್ಟೇ ಹೇಳಿದರು. ಬೇಡ, ಇರು ಎಂದು ಅಪ್ಪ ಒಂದು ಸಲ ಹೇಳಿದ್ದರೆ ಅವಳು ಇರುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಅದಕ್ಕೇ ಎಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಅಪ್ಪನಿಗೆ ಅವಳ ಮುಖ ನೋಡಿ ಹಾಗೆ ಹೇಳುವ ಧೈರ್ಯ ಬರಲಿಲ್ಲ. ಊರಿಗೆ ಮರಳುತ್ತಿದ್ದ ಒಬ್ಬ ನರ್ಸ್ ಜತೆಗೆ ಅಕ್ಕ ಹಡಗು ಹತ್ತಿದಳು. ನನ್ನ ತಲೆ ಸವರಿ, “ಚೆನ್ನಾಗಿ ಓದು, ದಿನಾ ಹಲ್ಲುಜ್ಜು” ಎಂದಳು. ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಮಾತಾಡಲಿಲ್ಲ.

ಹಾಸನದಲ್ಲಿ ಅವಳು ಎರಡು ವರ್ಷ ಹೈಸ್ಕೂಲಿಗೆ ಹೋದಳು. ಹೆಣ್ಣುಮಗುವಿಗೆ ಇಷ್ಟು ಓದು ಸಾಕು ಎಂದು ಅಜ್ಜಿ ನಿಲ್ಲಿಸಿದರು. ಅಪ್ಪ ಮತ್ತು ನಾನು ಊರಿಗೆ ಮರಳುವ ಹೊತ್ತಿಗೆ ಮದುವೆ ನಿಶ್ಚಯವಾಗಿತ್ತು. ಭಾವ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಕೆಟ್ಟವರೇನಲ್ಲ. ಅಕ್ಕ ನಾಲ್ಕು ಮಕ್ಕಳನ್ನು ಸಾಕಿದಳು. ನಾಲ್ವರ ವಿಜ್ಞಾನದ ಪುಸ್ತಕಗಳನ್ನೂ ಅವರಿಗಿಂತ ಮೊದಲು ತಾನೇ ಓದಿ ಮುಗಿಸುತ್ತಿದ್ದಳು. ಅಪ್ಪ ಊರಿನಲ್ಲಿ ದೊಡ್ಡ ಹೆಸರು ಮಾಡಿದರು. ಅವರ ಕೊನೆಯ ಕಾಯಿಲೆಯಲ್ಲಿ ಅಕ್ಕ ಬಂದು ಎರಡು ತಿಂಗಳು ಇದ್ದು ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟಳು. ಪಕ್ಕದಲ್ಲಿ ಕುರ್ಚಿ ಇದ್ದರೂ ಒಂದು ದಿನವೂ ಕುಳಿತುಕೊಳ್ಳಲಿಲ್ಲ. ಅಪ್ಪ ಅವಳನ್ನು ನೋಡುತ್ತಾ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು, ನೀರು ಕೊಡಮ್ಮ ಎನ್ನುತ್ತಿದ್ದರು.

ನಾನು ಮೈಸೂರಿನಲ್ಲಿ ಓದಿ, ವಿಮಾನದ ಎಂಜಿನಿಯರಿಂಗ್ ಕಲಿಯಲೆಂದು ಅಮೆರಿಕದ ಸಿಯಾಟಲ್‌ಗೆ ಹೊರಟಾಗ ಅರಸೀಕೆರೆಗೆ ಹೋಗಿದ್ದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕ, ಆವತ್ತು ನಾನು ಇಳಿದು ನಿನ್ನ ಜತೆ ನಡೀಬೇಕಾಗಿತ್ತು” ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

“ನಿನಗೆಷ್ಟು, ಎಂಟು ವರ್ಷ. ನಿನ್ನ ಮೇಲೆ ನನಗೇನೋ ಕೋಪ?” ಎಂದಳು. ರೊಟ್ಟಿಯನ್ನು ಮಗುಚಿ ಹಾಕಿದಳು. “ಆದ್ರೆ ನೀನು ನಗ್ತಿದ್ದೆ ಕಣೋ. ಅದೊಂದನ್ನ ಮರೆಯಕ್ಕೇ ಆಗಿಲ್ಲ.”

ಆಮೇಲೆ ತಟ್ಟೆಗೆ ರೊಟ್ಟಿ ಹಾಕಿ ಕೊಟ್ಟಳು. ನಾನು ತಿಂದೆ. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಅಕ್ಕ ಹೋಗಿ ಈಗ ಎರಡು ವರ್ಷ.

ನನ್ನ ಮೊಮ್ಮಕ್ಕಳು ಇಲ್ಲೇ, ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನಲ್ಲಿ ಹುಟ್ಟಿದವರು. ದೊಡ್ಡವಳಿಗೆ ಹದಿನಾಲ್ಕು ವರ್ಷ, ಚಿಕ್ಕವನಿಗೆ ಒಂಬತ್ತು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾರೆ. ಒಂದು ದಿನದಲ್ಲಿ ಅವರು ತೆಗೆದುಕೊಳ್ಳುವಷ್ಟು ಫೋಟೋಗಳು ನಮ್ಮ ಇಡೀ ವಂಶದಲ್ಲಿ ಇರಲಿಲ್ಲ. ದೊಡ್ಡವಳು ಶಾಲೆಯಲ್ಲಿ ಕಪ್ಪೆಯನ್ನು ಸೀಳಿ ನೋಡಿದ್ದನ್ನು ಊಟದ ಮೇಜಿನಲ್ಲೇ ವರ್ಣಿಸುತ್ತಾಳೆ. ಸಾಕು ಸುಮ್ಮನಿರು ಎಂದು ಅವಳಮ್ಮ ಬೈಯುತ್ತಾಳೆ. ನಾನು ಮಾತ್ರ ಇನ್ನೂ ಹೇಳು ಎನ್ನುತ್ತೇನೆ.

ಹೋದ ಅಕ್ಟೋಬರಿನಲ್ಲಿ ಮಗಳು ನಮ್ಮನ್ನೆಲ್ಲ ಕಾರಿನಲ್ಲಿ ಸ್ನೋಕ್ವಾಲ್ಮಿ ಘಟ್ಟಕ್ಕೆ ಕರೆದುಕೊಂಡು ಹೋದಳು. ಅಗಲವಾದ ನುಣುಪು ರಸ್ತೆ. ಕಾರು ಒಂದು ಸಲವೂ ಕುಲುಕದೆ ಬೆಟ್ಟ ಹತ್ತಿತು, ಮಕ್ಕಳು ಹಿಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದರು. ಮೇಲೆ ನೋಟ ಚೆನ್ನಾಗಿದ್ದ ಒಂದು ಕಡೆ ಇಳಿದೆವು. ಮಗಳು, “ಎಲ್ಲರೂ ನಿಂತ್ಕೊಳ್ಳಿ, ಒಂದು ಫೋಟೋ ತೆಗೀತೀನಿ” ಎಂದಳು. ನಾವು ಮೂವರೂ ಬೇಲಿಗೆ ಬೆನ್ನು ಕೊಟ್ಟು ನಿಂತೆವು. ಅಷ್ಟರಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ಬಂದು, ನೀವು ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ, ಬೆಟ್ಟದ ಒಂದು ಫೋಟೋ ಬೇಕಾಗಿತ್ತು ಎಂದು ನಗುತ್ತಲೇ ಕೇಳಿದ. ಮೊಮ್ಮಗಳು ನಿಂತಲ್ಲೇ ನಿಂತು, ನಮ್ಮದು ಇನ್ನೂ ಆಗಿಲ್ಲ, ಒಂದು ನಿಮಿಷ ಕಾಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಅವನು, “ಓ ಶೂರ್, ಸಾರಿ” ಎಂದು ಪಕ್ಕಕ್ಕೆ ಹೋಗಿ ನಿಂತ. ಅಲ್ಲಿಗೆ ಮುಗಿಯಿತು.

“ಅಪ್ಪ, ಎಲ್ಲಿ ಹೋದ್ರಿ? ಫ್ರೇಮ್‌ನಲ್ಲೇ ಇಲ್ವಲ್ಲ ನೀವು” ಎಂದು ಮಗಳು ಕೂಗಿದಳು. ನೋಡಿದರೆ ನಾನು ಆಗಲೇ ಐದಾರು ಹೆಜ್ಜೆ ದೂರ ಸರಿದು ನಿಂತಿದ್ದೆ. ಅವನು ಕೇಳಿ ಮುಗಿಸುವ ಮೊದಲೇ ನನ್ನ ಕಾಲು ನಡೆದುಬಿಟ್ಟಿತ್ತು. ಐವತ್ತು ವರ್ಷ ಈ ಊರಿನಲ್ಲಿ ದುಡಿದವನು, ಮನೆ ಕಟ್ಟಿದವನು, ಯಾರೂ ಎಳೆಯದೆ, ಗದರದೆ, ನಾನಾಗಿಯೇ ಸರಿದಿದ್ದೆ.

“ಅಜ್ಜ, ವೈ ಡಿಡ್ ಯು ಮೂವ್?” ಎಂದು ಮೊಮ್ಮಗಳು ಕೇಳಿದಳು. ಬಂದು ನನ್ನ ತೋಳು ಹಿಡಿದು ಕರೆದುಕೊಂಡು ಹೋಗಿ ತಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡಳು. ಆ ಫೋಟೋ ನಮ್ಮ ಮನೆಯಲ್ಲಿದೆ. ಅವರಿಬ್ಬರೂ ನೇರವಾಗಿ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ನಾನು ಮಾತ್ರ ಪಕ್ಕಕ್ಕೆ ತಿರುಗಿ, ಕಾಯುತ್ತಿದ್ದ ಆ ಮನುಷ್ಯನಿಗೆ ತಡವಾಗುತ್ತಿದೆಯೇನೋ ಎಂದು ನೋಡುತ್ತಿದ್ದೇನೆ.